ಧರ್ಮದರ್ಶಿಯ ಲೆಕ್ಕದ ಪುಸ್ತಕ

ಶಾಸಕನೆಂದರೆ ಅಂಚೆಯವನಲ್ಲ, ಧರ್ಮದರ್ಶಿ. ಜನ ಹೇಳಿದ್ದನ್ನು ಹೊತ್ತುಕೊಂಡು ಹೋಗಿ ವಿಧಾನಸೌಧದಲ್ಲಿ ಬಟವಾಡೆ ಮಾಡುವುದು ಅವನ ಕೆಲಸವಲ್ಲ, ಜನರ ಹಿತ ಯಾವುದೆಂದು ಅವನೇ ನಿರ್ಧರಿಸಬೇಕು. ಈಚೆಗೆ ನಮ್ಮ ಸಾಗರದ ಒಂದು ಸಭೆಯಲ್ಲಿ ಈ ಮಾತು ಕೇಳಿದೆ. ಜೋರು ಚಪ್ಪಾಳೆ ಬಿತ್ತು. ನನಗೆ ಮೈ ಉರಿಯಿತು. 2019ರಲ್ಲಿ 17 ಶಾಸಕರನ್ನು ಸಭಾಧ್ಯಕ್ಷರು ಅನರ್ಹಗೊಳಿಸಿದಾಗಲೂ ಅವರ ಪರ ನಿಂತ ನನ್ನ ನೆಂಟರು ಇದನ್ನೇ ಹೇಳಿದ್ದರು: ಆರಿಸಿ ಕಳಿಸಿದ ಮೇಲೆ ಅವರ ವಿವೇಕ ಅವರಿಗೆ.

ಸರ್ಕಾರದ ಅಧಿಕಾರ ಜನ ನಂಬಿ ಒಪ್ಪಿಸಿದ್ದು ಎಂದು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಹೇಳಿದ್ದಾನೆ. ಸಿರಿವಂತರು ತಮ್ಮ ಸಂಪತ್ತಿಗೆ ಧರ್ಮದರ್ಶಿಗಳಾಗಿರಲಿ ಎಂದರು ಗಾಂಧೀಜಿ. ಎರಡೂ ನನ್ನನ್ನು ಕಾಡಿದ್ದಿಲ್ಲ. ಕಾಡುವವನು ಬ್ರಿಟಿಷ್ ಸಂಸದ ಎಡ್ಮಂಡ್ ಬರ್ಕ್. 1774ರ ನವೆಂಬರ್ 3ರಂದು, ತನ್ನನ್ನು ಗೆಲ್ಲಿಸಿದ ಬ್ರಿಸ್ಟಲ್ ನಗರದ ಮತದಾರರ ಮುಂದೆಯೇ ನಿಂತು, ನಿಮ್ಮ ಅಪ್ಪಣೆಯಂತೆ ನಡೆಯಲಾರೆ ಎಂದವನು. ಜೊತೆಗೆ ಗೆದ್ದಿದ್ದ ಹೆನ್ರಿ ಕ್ರೂಗರ್ ಮತದಾರರ ಆದೇಶಕ್ಕೆ ಬದ್ಧ ಎಂದಿದ್ದ. ಬರ್ಕ್ ಒಪ್ಪಲಿಲ್ಲ. ಪ್ರತಿನಿಧಿ ತನ್ನ ಸುಖ, ನಿದ್ದೆ, ಲಾಭವನ್ನೆಲ್ಲ ಮತದಾರರಿಗೆ ಬಿಟ್ಟುಕೊಡಬಹುದು, ವಿವೇಕವನ್ನು ಕೊಡಲಾಗದು. ಏಕೆಂದರೆ ಅದು ದೈವ ಅವನ ಬಳಿ ಇಟ್ಟ ನ್ಯಾಸ.

ನನ್ನ ಸಿಟ್ಟೆಲ್ಲ ಈ ಕೊನೆಯ ಮಾತಿನ ಮೇಲೆ. ಒಡವೆ ಇಟ್ಟವನು ದೇವರಾದರೆ ಲೆಕ್ಕ ಕೇಳುವ ಹಕ್ಕೂ ದೇವರಿಗೇ ಹೋಯಿತು. ಬ್ರಿಸ್ಟಲಿನ ವರ್ತಕ ಹೊರಗಿನವನಾದ. 1882ರ ನಮ್ಮ ಟ್ರಸ್ಟ್ ಕಾಯ್ದೆ ಓದಿದವರಿಗೆ ಇದು ಎಷ್ಟು ವಿಚಿತ್ರ ಎಂದು ಹೊಳೆಯುತ್ತದೆ. ಅದರ 19ನೇ ಕಲಂ ಪ್ರಕಾರ ಟ್ರಸ್ಟಿ ಸ್ಪಷ್ಟವಾದ ಲೆಕ್ಕ ಇಡಬೇಕು, ಫಲಾನುಭವಿ ಕೇಳಿದರೆ ವಿವರ ಕೊಡಬೇಕು. 51ನೆಯದರ ಪ್ರಕಾರ ಆ ಆಸ್ತಿಯಿಂದ ತಾನು ಲಾಭ ಮಾಡಿಕೊಳ್ಳಬಾರದು. ನಂಬಿಕೆಯ ಹೆಸರು ಹೊತ್ತ ಕಾಯ್ದೆ ಯಾರನ್ನೂ ನಂಬಿ ಬರೆದದ್ದಲ್ಲ.

ಕಲಂಗಳನ್ನು ನಾನು ಕುತೂಹಲಕ್ಕೆ ಓದಿದವನಲ್ಲ. ಅಪ್ಪ ತೀರಿಕೊಳ್ಳುವ ಮುಂಚೆ ಎರಡೂವರೆ ಎಕರೆ ಅಡಕೆ ತೋಟವನ್ನು ತೀರಿಹೋದ ನನ್ನ ತಮ್ಮನ ಮಗಳಿಗೆಂದು ಟ್ರಸ್ಟ್ ಮಾಡಿ, ನನ್ನನ್ನು ಟ್ರಸ್ಟಿಯಾಗಿಸಿದರು. ಹುಡುಗಿಗೆ ಇಪ್ಪತ್ತೊಂದು ತುಂಬಿದ ವರ್ಷ ದೀಪಾವಳಿಗೆ ಬಂದವಳು, ‘ದೊಡ್ಡಪ್ಪ, ತೋಟದ ಲೆಕ್ಕ ನೋಡಬೇಕಿತ್ತು’ ಎಂದಳು. ನಾನೊಂದು ಪೈಸೆ ಮುಟ್ಟಿರಲಿಲ್ಲ. ಆದರೂ ಮುಖಕ್ಕೆ ಹೊಡೆದಂತಾಯಿತು. ‘ನನ್ನ ಮೇಲೆ ನಂಬಿಕೆ ಇಲ್ಲವೇನೇ?’ ಎಂದೆ. ಅವಳು ಸುಮ್ಮನಾದಳು, ಎರಡು ದಿನ ಊಟದ ಹೊತ್ತಿಗೂ ಮಾತಾಡಲಿಲ್ಲ. ನಾನು ಆಗ ಬ್ರಿಸ್ಟಲಿನ ಬರ್ಕ್ ಆಗಿದ್ದೆ. ನನ್ನ ಒಳ್ಳೆಯತನವನ್ನೇ ಲೆಕ್ಕದ ಪುಸ್ತಕದ ಜಾಗದಲ್ಲಿ ಇಟ್ಟಿದ್ದೆ.

ಆದರೆ ಬರ್ಕ್‌ಗೆ ಉತ್ತರ ಕೊಡಲು ಬರ್ಕ್‌ನೇ ಸಾಕು. 1783ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮೇಲಿನ ಮಸೂದೆಯ ಚರ್ಚೆಯಲ್ಲಿ ಅವನು ಹೇಳಿದ್ದು ಬೇರೆ: ಮನುಷ್ಯರ ಮೇಲಿನ ಅಧಿಕಾರವೆಲ್ಲ ನ್ಯಾಸ, ಲೆಕ್ಕ ಒಪ್ಪಿಸುವುದೇ ನ್ಯಾಸದ ಜೀವ. ಅದನ್ನೇ ಹಿಡಿದು ಬಂಗಾಳದ ಗವರ್ನರ್ ಜನರಲ್ ಆಗಿದ್ದ ವಾರನ್ ಹೇಸ್ಟಿಂಗ್ಸ್‌ನ ಬೆನ್ನು ಹತ್ತಿದ. 1788ರಲ್ಲಿ ತೊಡಗಿದ ವಿಚಾರಣೆ 1795ರಲ್ಲಿ ಖುಲಾಸೆಯಲ್ಲಿ ಮುಗಿಯಿತು, ಅವನು ಬಿಡಲಿಲ್ಲ. ಕಂಪನಿಗೆ ಲೆಕ್ಕದ ಪುಸ್ತಕ, ತನಗೆ ಆತ್ಮಸಾಕ್ಷಿ, ಇದು ಯಾವ ನ್ಯಾಯ? ನಮ್ಮ ಶಾಸಕರದ್ದು ಇನ್ನೂ ಹೀನ ಸ್ಥಿತಿ. 1985ರಲ್ಲಿ ಹತ್ತನೇ ಅನುಸೂಚಿ ಬಂದ ಮೇಲೆ ಅವರು ಪಕ್ಷದ ವಿಪ್ ಮೀರಿ ಮತ ಹಾಕಿದರೆ ಸ್ಥಾನವೇ ಹೋಗಬಹುದು. ವಿವೇಕದ ಮಾತು ಮತದಾರನೆದುರು ಮಾತ್ರ.

ಟ್ರಸ್ಟ್ ಕಾಯ್ದೆಯ 56ನೇ ಕಲಂ ನನಗೆ ಇನ್ನೂ ಪ್ರಿಯವಾದದ್ದು. ಫಲಾನುಭವಿಗಳೆಲ್ಲ ವಯಸ್ಕರಾಗಿದ್ದು, ಒಮ್ಮನಸ್ಸಿನಿಂದ ಕೇಳಿದರೆ ಟ್ರಸ್ಟಿ ಆಸ್ತಿಯನ್ನು ಅವರ ಕೈಗೊಪ್ಪಿಸಬೇಕು. ಅಪ್ರಾಪ್ತರಿಗೆ ಕಾವಲಿದ್ದಂತೆ ವಯಸ್ಕರಿಗೂ ಇರುತ್ತೇನೆ ಎನ್ನುವಂತಿಲ್ಲ. ಮತದಾರರು ವಯಸ್ಕರೇ ಅಲ್ಲವೇ? ನನ್ನ ವಾದವನ್ನು ಇಲ್ಲಿಗೇ ಮುಗಿಸಬೇಕೆಂದಿದ್ದೆ.

ಮುಗಿಸಲಾಗುತ್ತಿಲ್ಲ. ಬರ್ಕ್ ಬ್ರಿಸ್ಟಲನ್ನು ಕಳೆದುಕೊಂಡದ್ದು ಹೇಗೆಂದು ನೋಡಿ. ಐರ್ಲೆಂಡಿನ ವ್ಯಾಪಾರದ ಮೇಲಿನ ಕಟ್ಟುಗಳನ್ನು ಸಡಿಲಿಸಬೇಕೆಂದ, ಕ್ಯಾಥೊಲಿಕರ ಮೇಲಿನ ಕ್ರೂರ ಕಾನೂನುಗಳನ್ನು ಕಡಿಮೆ ಮಾಡಬೇಕೆಂದ. ಅವನ ಮತದಾರರು ಸಿಟ್ಟಾದರು. 1780ರಲ್ಲಿ ಕಣದಿಂದ ಹಿಂದೆ ಸರಿದ. ಅವನು ಯಾರ ಪರ ನಿಂತನೋ ಅವರು ಬ್ರಿಸ್ಟಲಿನ ಮತಪಟ್ಟಿಯಲ್ಲಿರಲಿಲ್ಲ. ಬಂಗಾಳದ ರೈತರೂ ಇರಲಿಲ್ಲ. ಮುಂದೆ ಹುಟ್ಟುವವರು ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಪಶ್ಚಿಮಘಟ್ಟದ ಬಗ್ಗೆ 2013ರಲ್ಲಿ ಕಸ್ತೂರಿರಂಗನ್ ವರದಿ ಬಂದಾಗ ನಮ್ಮ ತಾಲೂಕಿನ ಹಳ್ಳಿಗಳೂ ಅದರ ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದ್ದವು. ಅದನ್ನು ವಿರೋಧಿಸಬೇಕೆಂದು ಶಾಸಕರಿಗೆ ಕೊಟ್ಟ ಮನವಿಗೆ ನಾನೂ ಸಹಿ ಹಾಕಿದೆ. ಅವರು ವಿರೋಧಿಸಿದರು, ನಾವು ಹೇಳಿದಂತೆಯೇ. ಅಂಚೆಯವನಾದರು. ಆಗ ಅವರು ನಮ್ಮ ಮಾತು ಕೇಳದೆ ಕಾಡಿನ ಪರ ನಿಂತಿದ್ದರೆ ನಾನು ಏನೆನ್ನುತ್ತಿದ್ದೆ? ಮುಂದಿನ ಚುನಾವಣೆಯಲ್ಲಿ ಅವರನ್ನು ಸೋಲಿಸುತ್ತಿದ್ದೆ. ಅವರು ಸರಿಯೇ ಇರುತ್ತಿದ್ದರೇನೋ.

ತೋಟದ ಕತೆಯೂ ಇಲ್ಲಿಗೇ ಬಂತು. ಲೆಕ್ಕದ ಪುಸ್ತಕ ಕೊಟ್ಟೆ. ಅವಳು ಒಂದೊಂದು ಸಾಲೂ ಓದಿದಳು. ಆಮೇಲೆ ತೋಟ ಮಾರಿ ಕೊಡಿ, ಓದಲು ಹೋಗುತ್ತೇನೆ ಎಂದಳು. ಅಪ್ಪನ ಪತ್ರದಲ್ಲಿ ತೋಟ ಅವಳ ಜೀವಮಾನಕ್ಕೆ, ಅನಂತರ ಅವಳ ಮಕ್ಕಳಿಗೆ ಎಂದಿತ್ತು. ಹುಟ್ಟದ ಮಕ್ಕಳ ಒಪ್ಪಿಗೆ ಸಿಗುವುದಿಲ್ಲ, ಹಾಗಾಗಿ 56ನೇ ಕಲಂ ನಡೆಯದು ಎಂದರು ವಕೀಲರು. ನಾನು ಅದನ್ನೇ ಹೇಳಿದೆ. ‘ಆ ಮಕ್ಕಳು ನಿಮಗೆ ಯಾವಾಗ ಹೇಳಿದರು ದೊಡ್ಡಪ್ಪ?’ ಎಂದು ಕೇಳಿದಳು. ಸಾಲ ಮಾಡಿ ಓದಲು ಹೋದಳು.

ಮಾರಬೇಕೆಂದು ಅವಳು ಹೇಳಿದ ನಂತರದ ಮೂರನೇ ಮಳೆಗಾಲಕ್ಕೆ ತೋಟಕ್ಕೆ ಎಲೆಚುಕ್ಕಿ ರೋಗ ಬಂತು. ಈ ವರ್ಷದ ಫಸಲು ಅರ್ಧಕ್ಕಿಂತ ಕಡಿಮೆ. ಲೆಕ್ಕ ಬರೆದು ಅವಳಿಗೆ ಕಳಿಸಿದ್ದೇನೆ. ಇನ್ನೊಂದು ಪ್ರತಿಯನ್ನು ಕಪಾಟಿನಲ್ಲಿ ಇಟ್ಟಿದ್ದೇನೆ, ಅದನ್ನು ಕೇಳುವವರು ಇನ್ನೂ ಹುಟ್ಟಿಲ್ಲ.