ಕೋಟೆಯ ನಕ್ಷೆಯಲ್ಲಿ ಇಲ್ಲದ ಮರ

1800ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತುತ್ತ ಚಿಕ್ಕನಾಯಕನಹಳ್ಳಿಗೆ ಬಂದ. ಹಾಗಲವಾಡಿ ಪಾಳೆಯಗಾರರ ಈ ಊರಿನ ಕೋಟೆಯ ಕಟ್ಟೋಣವನ್ನು ಆತ ವಿವರವಾಗಿ ಬರೆದಿಟ್ಟಿದ್ದಾನೆ. ಸುತ್ತ ಚೌಕಾಕಾರದ ಮಣ್ಣಿನ ಗೋಡೆ, ಮೂಲೆ ಮೂಲೆಗೂ ಎತ್ತರದ ಬತೇರಿ, ಊರ ನಡುವೆ ಅದೇ ಮಾದರಿಯ ಇನ್ನೊಂದು ಚೌಕ ಒಳಕೋಟೆ. ಎರಡು ಗೋಡೆಗಳ ನಡುವೆ ಊರನ್ನು ಬಳಸಿ ಬರುವ ಅಗಲವಾದ ಬೀದಿ. ಅದರಿಂದ ಹೊರಗೋಡೆಗೂ ಒಳಗೋಡೆಗೂ ಹೊರಟ ಸಣ್ಣ ಓಣಿಗಳು. ಶತ್ರು ಯಾವ ದಿಕ್ಕಿಂದ ಬಂದರೂ ಜನ ಅಲ್ಲಿಗೆ ಬೇಗ ಓಡಿ ಸೇರಬಹುದಿತ್ತು. ಹೊರಗೋಡೆ ಬಿದ್ದರೆ ಒಳಕೋಟೆಗೆ ಸರಿಯಬಹುದಿತ್ತು. ಕಲ್ಲಿನ ಗೋಡೆ ಫಿರಂಗಿ ಗುಂಡಿಗೆ ಒಡೆದು ಸಿಡಿಯುತ್ತದೆ. ದಪ್ಪ ಮಣ್ಣಿನ ಗೋಡೆ ಗುಂಡನ್ನೇ ನುಂಗಿಕೊಳ್ಳುತ್ತದೆ.

ಇಷ್ಟೆಲ್ಲ ಇದ್ದೂ 1791ರಲ್ಲಿ ಊರು ಲೂಟಿಯಾಯಿತು. ಟಿಪ್ಪು ಸುಲ್ತಾನನ ಮೇಲೆ ದಂಡೆತ್ತಿ ಶ್ರೀರಂಗಪಟ್ಟಣದತ್ತ ಹೋಗಿದ್ದ ಇಂಗ್ಲಿಷರ ಸೇನಾನಿ ಕಾರ್ನ್‌ವಾಲಿಸ್‌ನನ್ನು ಕೂಡಿಕೊಳ್ಳಲು ಹೊರಟಿದ್ದ ಪರಶುರಾಮ ಭಾವೂನ ಮರಾಠ ದಂಡು ದಾರಿಯಲ್ಲಿ ಸಿಕ್ಕ ಈ ಊರನ್ನು ಸೂರೆ ಮಾಡಿತು. ಬುಕಾನನ್ ಬಂದಾಗ ಕೋಟೆಯೊಳಗಿನ ಮನೆಗಳು ಇನ್ನೂ ಪಾಳುಬಿದ್ದಿದ್ದವು.

ಇಂಥ ಕೋಟೆಯಲ್ಲಿ ಜನ, ದನ, ದವಸ, ದೇವರು ಎಲ್ಲವೂ ಗೋಡೆಯೊಳಗೆ ಬರಬಹುದು. ತೆಂಗಿನ ತೋಟ ಬರಲಾರದು, ಕೆರೆಯೂ ಬರಲಾರದು. ಊರಿನ ಅನ್ನವಾಗಿರುವ ಈ ಎರಡೂ ಕೋಟೆಯ ಹೊರಗೇ ನಿಲ್ಲಬೇಕು. ಹಾಗಾದರೆ ಯುದ್ಧಕಾಲದಲ್ಲಿ ಅವುಗಳ ಕಾವಲಿಗೆ ಯಾರು? ರಾಜನ ಧರ್ಮ ಗೋಡೆಯ ಬುಡಕ್ಕೆ ಮುಗಿಯುತ್ತದೆಯೇ?

ಹಳೆಯ ಗ್ರಂಥಗಳು ಇದಕ್ಕೆ ಒಂದೇ ಉತ್ತರ ಕೊಡುವುದಿಲ್ಲ. ಗೋಡೆಯೊಳಗಿನ ಮಾತಿಗೆ ಬಂದರೆ, ಕೌಟಿಲ್ಯನ ಅರ್ಥಶಾಸ್ತ್ರದ ದುರ್ಗನಗರದಲ್ಲಿ ದೇವತೆಗಳಿಗೆ ಲೆಕ್ಕಹಾಕಿ ಜಾಗ ಕೊಟ್ಟಿದೆ: ನಗರದ ನಡುವೆ ಗುಡಿಗಳು, ನಾಲ್ಕು ಹೆಬ್ಬಾಗಿಲುಗಳಿಗೆ ಬ್ರಹ್ಮ, ಇಂದ್ರ, ಯಮ, ಸೇನಾಪತಿಯಾದ ಸ್ಕಂದ. ಗೋಡೆಯ ಹೊರಗಿನದಕ್ಕೆ ಬಂದರೆ, ಮನುಸ್ಮೃತಿಯ ಏಳನೆಯ ಅಧ್ಯಾಯ ಮುತ್ತಿಗೆ ಹಾಕಿದ ರಾಜ ಶತ್ರುವಿನ ಮೇವು, ಅನ್ನ, ನೀರು, ಸೌದೆಗಳನ್ನು ಕೆಡಿಸಬೇಕು, ಕೆರೆಗಳನ್ನು ಒಡೆಯಬೇಕು ಎನ್ನುತ್ತದೆ. ಕೆರೆಯ ನೀರನ್ನೇ ನಂಬಿ ತೋಟ ಮಾಡಿದ ಪಕ್ಕದ ತುರುವೇಕೆರೆ ಸೀಮೆಯ ಜನಕ್ಕೆ ಆ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಹಾಭಾರತದ ಶಾಂತಿಪರ್ವದಲ್ಲಿ ಭೀಷ್ಮ ಕಾಯುವವನ ಪರವಾಗಿ ಮಾತಾಡುತ್ತಾನೆ. ಒಳಗೆ ತರಲಾಗದ ಬೆಳೆಯನ್ನು ಸುಟ್ಟುಬಿಡು. ಕೋಟೆಯ ಸುತ್ತಲಿನ ಸಣ್ಣ ಮರಗಳನ್ನು ಬುಡಸಮೇತ ಕಡಿಸು, ದೊಡ್ಡವುಗಳ ಕೊಂಬೆ ಸವರಿಸು. ಚೈತ್ಯವೃಕ್ಷಗಳ ಒಂದು ಎಲೆಯನ್ನೂ ಉದುರಿಸಬೇಡ. ಪೂಜೆಗೊಳ್ಳುವ ಮರ ಉಳಿಯಿತು. ಹೊಟ್ಟೆಗೆ ಹಾಕುವ ಮರದ ಗತಿಯೇನು?

ಅದಕ್ಕೆ ನೇರ ಉತ್ತರ ಬೇರೆಡೆ ಇದೆ. ಬೈಬಲ್ಲಿನ ಧರ್ಮೋಪದೇಶಕಾಂಡದ ಇಪ್ಪತ್ತನೆಯ ಅಧ್ಯಾಯ ಪಟ್ಟಣಕ್ಕೆ ಎಷ್ಟು ದಿನ ಮುತ್ತಿಗೆ ಹಾಕಿದರೂ ಹಣ್ಣಿನ ಮರಕ್ಕೆ ಕೊಡಲಿ ಹಾಕಕೂಡದು ಎಂದು ವಿಧಿಸುತ್ತದೆ. ಮುತ್ತಿಗೆಯ ಕೆಲಸಕ್ಕೆ ಹಣ್ಣು ಬಿಡದ ಮರಗಳನ್ನಷ್ಟೇ ಕಡಿಯಬಹುದು. ಮೊದಲ ಖಲೀಫ ಅಬೂಬಕರ್ ಸಿರಿಯಾಕ್ಕೆ ದಂಡು ಕಳಿಸುವಾಗ ಫಲ ಕೊಡುವ ಮರ ಕಡಿಯಬೇಡಿರೆಂದು ತಾಕೀತು ಮಾಡಿದರೆಂದು ಇಸ್ಲಾಮೀ ಪರಂಪರೆ ಹೇಳುತ್ತದೆ. ಮೌರ್ಯರ ಕಾಲದಲ್ಲಿ ಇಲ್ಲಿಗೆ ಬಂದ ಗ್ರೀಕ್ ರಾಯಭಾರಿ ಮೆಗಸ್ತನೀಸ್, ಭಾರತದಲ್ಲಿ ಯುದ್ಧ ನಡೆಯುವಾಗಲೂ ಬೇಸಾಯಗಾರರನ್ನು ಮುಟ್ಟುವುದಿಲ್ಲ, ಶತ್ರುವಿನ ನೆಲ ಸುಡುವುದಿಲ್ಲ, ಮರ ಕಡಿಯುವುದಿಲ್ಲ ಎಂದು ಮೆಚ್ಚಿ ಬರೆದಿದ್ದ.

ಸುಟ್ಟ ಬೆಳೆಗೂ ಕಡಿದ ಮರಕ್ಕೂ ಇರುವ ವ್ಯತ್ಯಾಸ ಇದೇ ತೆಂಗಿನ ಸೀಮೆಯ ತಿಪಟೂರಿನ ರೈತನಿಗೆ ಚೆನ್ನಾಗಿ ಗೊತ್ತು. ಈ ವರ್ಷ ಸುಟ್ಟ ರಾಗಿಹೊಲ ಬರುವ ಮುಂಗಾರಿಗೆ ಮತ್ತೆ ಹಸಿರಾಗುತ್ತದೆ. ಹುಣಸೆ, ಆಲ ಕಡಿದರೂ ಬುಡದಲ್ಲಿ ಚಿಗುರುತ್ತವೆ. ತೆಂಗಿಗೆ ಇರುವುದು ಒಂದೇ ಸುಳಿ; ಅದು ಹೋದರೆ ಮರವೇ ಹೋಯಿತು. ನಾಟಿ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು. ಬಂದ ಮೇಲೆ ಅರವತ್ತು ವರ್ಷ ದಾಟಿಯೂ ಕಾಯಿ ಕೊಡುತ್ತದೆ. ಆ ಕಾಯಿಯನ್ನು ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಲು ಬಿಟ್ಟರೆ ಉಂಡೆ ಕೊಬ್ಬರಿ. ತಾತ ನೆಟ್ಟದ್ದನ್ನು ಮೊಮ್ಮಗ ಸುಲಿಯುವ ಬದುಕು ಇದು. ಇಂಥ ಮರವನ್ನು ಸೈನಿಕನೊಬ್ಬ ಅರ್ಧ ಗಂಟೆಯಲ್ಲಿ ಉರುಳಿಸಿದರೆ, ಆ ಯುದ್ಧದ ಹೆಸರೂ ಕೇಳದವರ ಅನ್ನವನ್ನು ಕಸಿದ ಹಾಗೆ. ಇನ್ನೂ ಹುಟ್ಟದವರು ಯಾವ ರಾಜನಿಗೂ ಶತ್ರುಗಳಲ್ಲ. ಮರ ಕಡಿಯಬಾರದೆಂಬ ಧರ್ಮದ ನಿಜವಾದ ಆಧಾರ ಇದೇ. ಪೂಜೆಯ ಮರವೋ ಅಲ್ಲವೋ ಎಂಬುದು ಆಮೇಲಿನ ಮಾತು.

ಯುದ್ಧದ ಅಗತ್ಯ ಬಂದಾಗ ಇವೆಲ್ಲ ನಡೆಯುವುದಿಲ್ಲ ಎನ್ನುವವರಿದ್ದಾರೆ. ಅವರಿಗೆ ಆಧಾರಗಳೂ ಸಿಗುತ್ತವೆ. 1792ರ ಫೆಬ್ರವರಿಯಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಗೆ ಸೌದೆಕಟ್ಟುಗಳು ಬೇಕಾದಾಗ ಇಂಗ್ಲಿಷರ ಸೇನೆ ಅಲ್ಲೇ ಇದ್ದ ಟಿಪ್ಪುವಿನ ಲಾಲ್‌ಬಾಗ್ ತೋಟದ ಸೈಪ್ರಸ್ ಮರಗಳನ್ನೇ ಕಡಿದು ಬಳಸಿತು. ಅಗತ್ಯ ನಿಜ. ಆದರೆ ಅಗತ್ಯವೆಂದ ಕೂಡಲೇ ಸಡಿಲಾಗುವ ಕಟ್ಟಳೆ ಕಟ್ಟಳೆಯಾಗಿ ಉಳಿಯುವುದಿಲ್ಲ. ಕೊಡಲಿ ಕೈಯಲ್ಲಿರುವ ಹೊತ್ತಿಗೇ ಅಲ್ಲವೇ ಅದು ಬೇಕಾದದ್ದು?

ಈ ಧರ್ಮ ಇಂದು ಕಾನೂನಿನ ರೂಪ ಪಡೆದಿದೆ. ಜಿನೀವಾ ಒಪ್ಪಂದಗಳಿಗೆ 1977ರಲ್ಲಿ ಸೇರಿದ ಮೊದಲ ಹೆಚ್ಚುವರಿ ಒಪ್ಪಂದದ 54ನೇ ವಿಧಿಯ ಪ್ರಕಾರ, ನಾಗರಿಕರು ಬದುಕಲು ಬೇಕಾದ ಆಹಾರ, ಬೆಳೆಯ ನೆಲ, ಜಾನುವಾರು, ಕುಡಿಯುವ ನೀರು, ನೀರಾವರಿ ಕಟ್ಟೆಗಳನ್ನು ಅವರಿಗೆ ದಕ್ಕದಂತೆ ಮಾಡಲೆಂದು ನಾಶಪಡಿಸುವುದು ನಿಷಿದ್ಧ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ. ಒಪ್ಪಂದದ ಬೇರೆ ವಿಧಿಗಳ ಬಗ್ಗೆ ಆಕ್ಷೇಪಗಳಿದ್ದರೆ ಅವನ್ನು ದಾಖಲಿಸಲಿ. ಎರಡು ಸಾವಿರ ವರ್ಷಗಳ ಹಿಂದೆಯೇ ಪರದೇಶದವನೊಬ್ಬ ನಮ್ಮಲ್ಲಿ ಕಂಡು ಮೆಚ್ಚಿದ ನಡತೆಯನ್ನು ಕಾಪಾಡುವ ಈ ಒಂದು ವಿಧಿಗಾದರೂ ದೇಶ ಬಹಿರಂಗವಾಗಿ ಬದ್ಧವಾಗಲಿ; ಹಾಗೆಂದು ಕೇಳುವ ದನಿ ತೆಂಗಿನ ಈ ಕಲ್ಪತರು ನಾಡಿನಿಂದಲೇ ಮೊದಲು ಏಳಲಿ.