ಸರಾಸರಿಯ ನ್ಯಾಯ

ಪುತ್ತೂರಿನಲ್ಲಿ 1958ರಲ್ಲಿ ಸಂತ ಫಿಲೋಮಿನಾ ಕಾಲೇಜೂ 1965ರಲ್ಲಿ ವಿವೇಕಾನಂದ ಕಾಲೇಜೂ, ಸುಳ್ಯದಲ್ಲಿ 1976ರಲ್ಲಿ ನೆಹರೂ ಸ್ಮಾರಕ ಕಾಲೇಜೂ ಸ್ಥಾಪಿತವಾದುದರಿಂದ, ಪುತ್ತೂರು, ಸುಳ್ಯ, ಕಡಬ ಸೀಮೆಗಳ ಅಡಿಕೆತೋಟದ ಮನೆಗಳ ಮಕ್ಕಳಿಗೆ ಉಚ್ಚಶಿಕ್ಷಣವು ಊರಿನ ಬಳಿಯಲ್ಲಿಯೇ ದೊರೆಯುವಂತಾಯಿತು. ವಾಣಿಜ್ಯವನ್ನೋ ಅರ್ಥಶಾಸ್ತ್ರವನ್ನೋ ಆರಿಸಿಕೊಂಡ ವಿದ್ಯಾರ್ಥಿಯು ಸಂಖ್ಯಾಶಾಸ್ತ್ರದ ಮೊದಲ ಪಾಠಗಳನ್ನೂ ಸಾಮಾನ್ಯವಾಗಿ ಕಲಿಯಬೇಕಾಗುತ್ತದೆ. ಸರಾಸರಿ, ಮಧ್ಯಾಂಕ, ಮಾನಕ ವಿಚಲನೆ ಇವೆಲ್ಲ ಪರೀಕ್ಷೆಯ ಮರುದಿನವೇ ಮರೆಯತಕ್ಕ ಶುಷ್ಕ ಲೆಕ್ಕಗಳೆಂಬ ಭಾವನೆಯು ಅನೇಕರಲ್ಲಿರುವುದು. ಆದರೆ ಈ ಲೆಕ್ಕಗಳ ಒಡಲಲ್ಲಿ ಧರ್ಮಜಿಜ್ಞಾಸೆಯೊಂದು ಅಡಗಿದೆ: ಅನೇಕರನ್ನು ಕುರಿತ ಜ್ಞಾನವು ಒಬ್ಬನಿಗೆ ನ್ಯಾಯವನ್ನು ಸಲ್ಲಿಸಬಲ್ಲುದೆ?

ಒಂದು ಗ್ರಾಮದಲ್ಲಿ ಐದು ತೋಟಗಳಿವೆಯೆಂದು ಭಾವಿಸಬಹುದು. ಆಟಿಯ ಮಳೆಗೆ ಕೊಳೆರೋಗ ತಗಲಿ, ಎರಡು ತೋಟಗಳಲ್ಲಿ ಫಸಲಿನ ನೂರಕ್ಕೆ 5 ಪಾಲೂ, ಬೇರೆರಡರಲ್ಲಿ ನೂರಕ್ಕೆ 10 ಪಾಲೂ, ಐದನೆಯದರಲ್ಲಿ ನೂರಕ್ಕೆ 70 ಪಾಲೂ ಉದುರಿತು. ಸರಾಸರಿ ನಷ್ಟವು ನೂರಕ್ಕೆ 20. ಆದರೆ ನೂರಕ್ಕೆ 20 ಪಾಲು ಕಳೆದುಕೊಂಡ ತೋಟವು ಆ ಗ್ರಾಮದಲ್ಲಿ ಒಂದೂ ಇಲ್ಲ! ನಾಲ್ವರ ಪಾಲಿಗೆ ಈ ಅಂಕೆಯು ಅತಿಯಾಯಿತು. ಐದನೆಯವನ ಪಾಲಿಗೆ ಅದು ಅವನ ದುಃಖದ ಅಪಹಾಸ್ಯವಾಯಿತು. ಇದು ಬರಿಯ ಕಲ್ಪನೆಯ ಮಾತೆಂದು ತಳ್ಳಿಬಿಡುವಂತಿಲ್ಲ. ಈ ಸೀಮೆಯಲ್ಲಿ ಅಡಿಕೆಗೂ ಕರಿಮೆಣಸಿಗೂ ದೊರೆಯುವ ಹವಾಮಾನ ಆಧಾರಿತ ಬೆಳೆ ವಿಮೆಯು ತೋಟದೊಳಗೆ ಬಂದು ಉದುರಿದ ಕಾಯಿಗಳನ್ನು ಎಣಿಸುವುದಿಲ್ಲ. ಪಂಚಾಯತಿಗಾಗಿ ಗೊತ್ತುಮಾಡಿದ ಮಾಪಕವು ತೋರಿಸಿದ ಮಳೆಯನ್ನು ನೋಡಿ ಪರಿಹಾರವನ್ನು ನಿಶ್ಚಯಿಸುತ್ತದೆ. ಗುಡ್ಡದ ಆಚೆಯ ಮಳೆಯೂ ಈಚೆಯ ಮಳೆಯೂ ಒಂದೇ ಅಲ್ಲವೆಂಬುದನ್ನು ಇಲ್ಲಿಯ ಮಕ್ಕಳೂ ಬಲ್ಲರು.

ಹಾಗಾದರೆ ಅಂಕೆಗಳು ಸುಳ್ಳಾಡುತ್ತವೆಯೆ? ಇಲ್ಲ. ಸರಾಸರಿಯು ತಾನು ಯಾರೊಬ್ಬನ ಪ್ರತಿಬಿಂಬವೆಂದು ಎಂದೂ ಹೇಳಿಕೊಂಡುದಿಲ್ಲ. ಅದೇ ಪಠ್ಯದ ಮುಂದಿನ ಪಾಠವು ಚದರಿಕೆಯನ್ನು ಅಳೆಯಬೇಕೆಂದು ವಿಧಿಸುತ್ತದೆ. ಮೇಲಣ ಐದು ಅಂಕೆಗಳ ಮಧ್ಯಾಂಕವು 10. ಮಾನಕ ವಿಚಲನೆಯು 25ಕ್ಕೂ ತುಸು ಮಿಕ್ಕು, ಎಂದರೆ ಸರಾಸರಿಗಿಂತಲೂ ಅಧಿಕ. ಇಲ್ಲಿ ಯಾರೋ ಒಬ್ಬನು ಬಹಳವಾಗಿ ನೊಂದಿದ್ದಾನೆಂದು ಆ ವಿಚಲನೆಯೇ ಕೂಗಿ ಹೇಳುತ್ತಿದೆ. ಅಪರಾಧವು ಗಣಿತದ್ದಲ್ಲ, ಮೊದಲ ಪಾಠದಲ್ಲಿಯೇ ಪುಸ್ತಕವನ್ನು ಮುಚ್ಚಿದವನದು.

ಇನ್ನೊಂದು ಮಗ್ಗುಲೂ ಇದೆ. ಒಬ್ಬನ ಅನುಭವವೇ ಪರಮಪ್ರಮಾಣವೆಂದು ಹಿಡಿದರೂ ಅನ್ಯಾಯವೇ ಫಲಿಸುವುದು. "ನಮ್ಮ ತಂದೆಯವರು ಮದ್ದು ಬಿಟ್ಟವರಲ್ಲ, ಕಾಯಿ ಉದುರಿದ್ದೂ ಇಲ್ಲ" ಎಂದು ಹಿರಿಯರೊಬ್ಬರು ಜಗಲಿಯಲ್ಲಿ ಕುಳಿತು ನುಡಿದರೆ, ಆ ಮಾತು ಸತ್ಯವೇ ಆಗಿರಬಹುದು; ಆದರೆ ಅದನ್ನು ನಂಬಿದ ನೆರೆಯವನ ತೋಟವು ಹಾಳಾಗಲೂಬಹುದು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿಗೆ ಕೊಳೆರೋಗವನ್ನು ಪರಿಶೀಲಿಸಿ, ಮೈಲುತುತ್ತು ಸುಣ್ಣಗಳ ಬೋರ್ಡೋ ದ್ರಾವಣವನ್ನು ಪ್ರಚಾರಕ್ಕೆ ತಂದರು. ಇಂತಹ ಮದ್ದಿನ ಗುಣವನ್ನು ನಿರ್ಣಯಿಸಲು ಒಂದು ಮರ ಸಾಲದು. ಹಲವು ಮರಗಳು ಬೇಕು. ಆ ಮರಗಳನ್ನು ಆರಿಸುವವನು ತನಗೆ ಪ್ರಿಯವಾದ ಮದ್ದಿಗೆ ಒಳ್ಳೆಯ ಮರಗಳನ್ನೇ ಕೊಡುವ ಸಂಭವವುಂಟು. ಆದುದರಿಂದ, ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿಕ್ಷೇತ್ರದಲ್ಲಿದ್ದ ರೊನಾಲ್ಡ್ ಫಿಷರನು 1925ರ ತನ್ನ ಗ್ರಂಥದಲ್ಲಿ ಆಯ್ಕೆಯನ್ನು ಚೀಟಿಯೆತ್ತುವಂತೆ ಯಾದೃಚ್ಛಿಕವಾಗಿ ಮಾಡಬೇಕೆಂದು ಬೋಧಿಸಿದನು. ತನ್ನ ಇಷ್ಟವನ್ನು ತಾನೇ ಕಟ್ಟಿಹಾಕುವ ಈ ವಿಧಾನವು ಒಂದು ಬಗೆಯ ನಿಸ್ಸಂಗವಲ್ಲದೆ ಮತ್ತೇನು?

ಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣನು ರಥದಲ್ಲಿ ಹೋಗುತ್ತಲೇ ತಾರೆಯ ಮರದ ಎಲೆಹಣ್ಣುಗಳ ಸಂಖ್ಯೆಯನ್ನು ಹೇಳುತ್ತಾನೆ. ಸಾರಥಿಯಾದ ನಳನು ಅದನ್ನು ಸುಮ್ಮನೆ ಒಪ್ಪದೆ, ರಥವನ್ನು ನಿಲ್ಲಿಸಿ, ಮರವನ್ನು ಕಡಿದು ಎಣಿಸಿ ನೋಡುತ್ತಾನೆ, ಲೆಕ್ಕವು ಸರಿಯಾಗುತ್ತದೆ. ಊಹಿಸಬಲ್ಲವನ ಕೌಶಲದಷ್ಟೇ ಪರೀಕ್ಷಿಸಬಯಸಿದವನ ಹಟವೂ ಅಲ್ಲಿ ಮಾನ್ಯವಾಗಿದೆ. ದೊರೆಯಾದರೂ ಋತುಪರ್ಣನು ತನ್ನ ಮಾತು ಪರೀಕ್ಷೆಗೆ ಒಳಗಾಗುವುದನ್ನು ಸಹಿಸಿದನು. ಜೂಜಿನಿಂದ ರಾಜ್ಯವನ್ನು ಕಳೆದುಕೊಂಡವನನ್ನು ಕಲಿಯು ಬಿಟ್ಟುಹೋದುದು ಅವನು ಆ ಅಕ್ಷವಿದ್ಯೆಯನ್ನು ಪಡೆದ ಮೇಲೆ ಎಂಬುದನ್ನೂ ಮರೆಯಬಾರದು.

ಕಲ್ಕತ್ತೆಯಲ್ಲಿ 1931ರಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸ್ಥಾಪಿಸಿದ ಮಹಲನೋಬಿಸರು 1954ರ ಒಂದು ಲೇಖನದಲ್ಲಿ ಈ ಶಾಸ್ತ್ರದ ತಳಹದಿಯನ್ನು ಜೈನರ ಸ್ಯಾದ್ವಾದದೊಂದಿಗೆ ಹೋಲಿಸಿದರು. ಬಸದಿಗಳ ನಾಡಿನವರಿಗೆ ಆ ಮಾತು ಅಪರಿಚಿತವಾಗದು. ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿ, 2023ರಲ್ಲಿ ಗತಿಸಿದ ಸಿ. ಆರ್. ರಾವ್ ಅವರ ಹೆಸರನ್ನು ಈ ಶಾಸ್ತ್ರದ ಗ್ರಂಥಗಳು ಇಂದಿಗೂ ಹೊತ್ತಿವೆ. ಒಂದು ಅಂದಾಜು ಎಷ್ಟರಮಟ್ಟಿಗೆ ನಿಖರವಾಗಬಲ್ಲುದು, ಯಾವ ಎಲ್ಲೆಯನ್ನು ಅದು ದಾಟಲಾರದು ಎಂಬುದನ್ನು ಅವರು 1945ರಲ್ಲಿಯೇ ತೋರಿಸಿಕೊಟ್ಟರು. 'ಗೊತ್ತಿಲ್ಲ' ಎಂಬುದು ಸುಲಭ; 'ಗೊತ್ತಿದೆ' ಎಂಬುದು ಅದಕ್ಕಿಂತ ಸುಲಭ. 'ಇಷ್ಟು ಗೊತ್ತಿದೆ, ಇಷ್ಟರಲ್ಲಿ ತಪ್ಪಿರಬಹುದು' ಎಂದು ಅಳೆದು ನುಡಿಯುವುದೇ ಕಷ್ಟ. ವಿನಯಕ್ಕೆ ಅಳತೆಯನ್ನು ಕೊಡುವ ವಿದ್ಯೆಗಳು ಬಹಳವಿಲ್ಲ.

ಇಂದು ತರಗತಿಯಲ್ಲಿ ಕುಳಿತಿರುವವರಲ್ಲಿ ನಾಳೆ ಒಬ್ಬನು ಬ್ಯಾಂಕಿನಲ್ಲಿ ಸಾಲದ ಅರ್ಜಿಯನ್ನು ನೋಡುವನು. ಒಬ್ಬಳು ವಿಮೆಯ ಲೆಕ್ಕವನ್ನು ಬರೆಯುವಳು. ಮತ್ತೊಬ್ಬನು ತೋಟಕ್ಕೇ ಮರಳುವನು. ಮೊದಲಿನ ಇಬ್ಬರ ಧರ್ಮವು, ಅನೇಕರ ಲೆಕ್ಕವನ್ನು ಹೇಳುವಾಗ ಐದನೆಯ ತೋಟದವನನ್ನು ಮರೆಯದಿರುವುದು. ಮೂರನೆಯವನ ಧರ್ಮವು, ತನ್ನ ತೋಟದ ಮಾತನ್ನು ಊರಿಗೆಲ್ಲ ಶಾಸನವಾಗಿ ಸಾರದಿರುವುದು. ಈ ಎರಡನ್ನೂ ಕಲಿತವನು ಪರೀಕ್ಷೆಯಲ್ಲಿ ಎಷ್ಟು ಅಂಕಗಳನ್ನು ಪಡೆದರೂ ಆ ವಿದ್ಯೆಯಲ್ಲಿ ಉತ್ತೀರ್ಣನೇ ಸರಿ.