ಶೋಧಕ ಅಂದ್ರೆ ಏನು ಬರೀಬೇಕು?

ಗಣಿತದ ಪರೀಕ್ಷೆಗೆ ಇನ್ನು ನಾಲ್ಕು ದಿನ ಉಳಿದಿತ್ತು. ಮೈಸೂರಿನಲ್ಲಿ ನಾನು ಬಾಡಿಗೆಗಿರುವ ಮನೆಯ ಕೆಳಗೆ ಒಂದು ಕುಟುಂಬವಿದೆ. ಆ ಮನೆಯ ಹುಡುಗಿ ಹತ್ತನೇ ತರಗತಿಯ ಗಣಿತ ಪುಸ್ತಕ, ಒಂದು ನೋಟ್‌ಬುಕ್ಕು ಹಿಡಿದು ಸಂಜೆ ಮೆಟ್ಟಿಲು ಹತ್ತಿ ಬಂದಳು. ಮೊದಲ ಸಲ ಬರೆದಾಗ ಬೇರೆಲ್ಲ ವಿಷಯ ಪಾಸಾಗಿ ಗಣಿತ ಒಂದೇ ಉಳಿದುಕೊಂಡಿತ್ತು. ಈ ಸಲವೂ ಹೋದರೆ ಓದು ಸಾಕು ಎಂದು ಅವರ ಮನೆಯಲ್ಲಿ ಮಾತಾಗಿರುವುದು ನನ್ನ ಕಿವಿಗೂ ಬಿದ್ದಿತ್ತು.

ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಅವಳು 23 ಪದಗಳನ್ನು ಪಟ್ಟಿ ಮಾಡಿದ್ದಳು. ಚರಾಕ್ಷರ, ಸ್ಥಿರಾಂಕ, ಸಹಗುಣಕ, ಬಹುಪದೋಕ್ತಿ, ಶೂನ್ಯತೆ, ಆದರ್ಶ ರೂಪ, ಶೋಧಕ, ಮೂಲ, ಸಾಮಾನ್ಯ ವ್ಯತ್ಯಾಸ, ಹೀಗೆ. ನಾನು ಮೇಷ್ಟ್ರ ಗತ್ತಿನಲ್ಲಿ, "ಶೋಧಕ ಅಂದ್ರೆ ಏನು, ಹೇಳು ನೋಡೋಣ" ಎಂದೆ.

"ಅಕ್ಕ, ಅಂದ್ರೆ ಏನು ಅನ್ನೋದು ಆಮೇಲೆ. ಶೋಧಕ ಅಂದ್ರೆ ಏನು ಬರೀಬೇಕು, ಅದನ್ನ ಹೇಳಿ. ಒಂದು ಮಾರ್ಕು ಬರುತ್ತೆ."

ಆ ಮಾತಿಗೆ ಏನು ಉತ್ತರ ಕೊಡಬೇಕು ಎಂದು ನನಗೆ ಹೊಳೆಯಲಿಲ್ಲ. ಅರ್ಥವಾಗದ್ದನ್ನು ಉರು ಹೊಡೆಯಬಾರದು ಎಂದು ಉಪದೇಶ ಮಾಡುವುದು ಸುಲಭ. ಹಾಗೆ ಹೇಳುವವರಿಗೆ ಸಾಮಾನ್ಯವಾಗಿ ನಾಲ್ಕು ದಿನದಲ್ಲಿ ಪರೀಕ್ಷೆ ಇರುವುದಿಲ್ಲ. ಅರ್ಥವಾಗುವ ತನಕ ಕಾಯುವಷ್ಟು ಪುರುಸೊತ್ತು ಎಲ್ಲ ಮನೆಗಳಲ್ಲೂ ಇರುವುದಿಲ್ಲ. ಹಾಗಾಗಿ ಅವಳು ಕೇಳಿದ್ದನ್ನೇ ಕೊಟ್ಟೆ. ಶೋಧಕ ಸೊನ್ನೆಗಿಂತ ದೊಡ್ಡದಾದರೆ ಮೂಲಗಳು ವಾಸ್ತವ ಮತ್ತು ಭಿನ್ನ, ಸೊನ್ನೆಯಾದರೆ ವಾಸ್ತವ ಮತ್ತು ಸಮ, ಸೊನ್ನೆಗಿಂತ ಚಿಕ್ಕದಾದರೆ ವಾಸ್ತವ ಮೂಲಗಳಿಲ್ಲ. ಹತ್ತು ನಿಮಿಷದಲ್ಲಿ ಅವಳಿಗೆ ಬಾಯಿಪಾಠವಾಯಿತು.

ಮರುದಿನ ಒಂದು ಲೆಕ್ಕ ಕೊಟ್ಟೆ. ಎಕ್ಸ್ ವರ್ಗದಲ್ಲಿ 5 ಎಕ್ಸ್ ಕಳೆದು 6 ಕೂಡಿದರೆ ಸೊನ್ನೆ. ಶೋಧಕ 25ರಲ್ಲಿ 24 ಕಳೆದು 1 ಎಂದು ಸರಿಯಾಗಿಯೇ ತೆಗೆದಳು. "ಮೂಲಗಳು ವಾಸ್ತವ ಮತ್ತು ಭಿನ್ನ" ಎಂದು ಬರೆದಳು. ಆಮೇಲೆ ಅಪವರ್ತಿಸಿ ಮೂಲಗಳು 2 ಮತ್ತು 3 ಎಂದು ಕಂಡುಹಿಡಿದು, ಅವನ್ನು ಹೊಡೆದುಹಾಕಿ ಮತ್ತೆ ಮೊದಲಿನಿಂದ ಶುರುಮಾಡಿದಳು. ಯಾಕೆ ಎಂದರೆ, "ಭಿನ್ನ ಬರಬೇಕಲ್ವಾ ಅಕ್ಕ? ಇದು ಪೂರ್ಣಸಂಖ್ಯೆ ಬಂತು" ಎಂದಳು.

ಅವಳ ಪಾಲಿಗೆ ಭಿನ್ನ ಎಂದರೆ ಭಿನ್ನರಾಶಿ. ಅರ್ಧ, ಕಾಲು, ಮುಕ್ಕಾಲು. ಐದನೇ ತರಗತಿಯಿಂದ ಆ ಪದ ಅವಳಿಗೆ ಅದನ್ನೇ ಹೇಳುತ್ತ ಬಂದಿದೆ. ಎರಡು ಮೂಲಗಳು ಒಂದಕ್ಕೊಂದು ಬೇರೆ ಬೇರೆ ಎನ್ನುವುದಕ್ಕೂ ಅದೇ ಪದ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅನುಮಾನ ಬಂದು 'ಸಮ' ಅಂದರೇನು ಎಂದು ಕೇಳಿದೆ. "ಸಮಸಂಖ್ಯೆ. 2, 4, 6" ಎಂದಳು. ಎಕ್ಸ್ ವರ್ಗದಲ್ಲಿ 6 ಎಕ್ಸ್ ಕಳೆದು 9 ಕೂಡುವ ಸಮೀಕರಣ ಕೊಟ್ಟೆ. ಶೋಧಕ ಸೊನ್ನೆ, ಮೂಲಗಳು 3 ಮತ್ತು 3. ಬೆಸಸಂಖ್ಯೆ ಬಂದಿದೆ, ಉತ್ತರ ಮಾತ್ರ 'ಸಮ'. ಅವಳು ನನ್ನನ್ನು ನೋಡಿದಳು, ನಾನು ಪುಸ್ತಕವನ್ನು ನೋಡಿದೆ. ಇಬ್ಬರಿಗೂ ನಗು ಬಂತು.

ರಾತ್ರಿ ಮಲಗಿದಾಗ ನಗು ಹೋಗಿ ಬೇರೆ ಯೋಚನೆ ಹತ್ತಿತು. ಶೋಧಕ ತೆಗೆದು ಮೂಲಗಳ ಸ್ವಭಾವ ತಿಳಿಸಿ ಎಂದಷ್ಟೇ ಪ್ರಶ್ನೆ ಇದ್ದಿದ್ದರೆ ಅವಳಿಗೆ ಪೂರ್ತಿ ಅಂಕ ಸಿಗುತ್ತಿತ್ತು. ಹಾಳೆಯ ಮೇಲಿನ ಉತ್ತರ ಸರಿ, ತಲೆಯೊಳಗಿನ ಅರ್ಥ ತಪ್ಪು. ಆಗ ಆ ಅಂಕ ಅವಳದೇ? ಅವಳು ಯಾರಿಗಾದರೂ ಮೋಸ ಮಾಡಿದಂತಾಯಿತೇ? ಅಥವಾ ಅರ್ಥ ಹೇಳದೆ ಪದವನ್ನಷ್ಟೇ ಕೈಗಿಟ್ಟ ನಾವೇ ಅವಳಿಗೆ ಮೋಸ ಮಾಡಿದೆವೇ?

ಇದಕ್ಕೆ ಕನ್ನಡ ಮಾಧ್ಯಮವೇ ಕಾರಣ ಎಂದು ಕೆಲವರು ತಕ್ಷಣ ತೀರ್ಪು ಕೊಡಬಹುದು. ನನಗೆ ಹಾಗನ್ನಿಸುವುದಿಲ್ಲ. ನಾನೂ ಕನ್ನಡದಲ್ಲಿ ಗಣಿತ ಕಲಿತು ಪಿಯುಸಿಗೆ ವಿಜ್ಞಾನ ತೆಗೆದುಕೊಂಡವಳು. ಮೊದಲ ವಾರ ಅಧ್ಯಾಪಕರು ಹಲಗೆಯ ಮೇಲೆ ಬರೆದು 'ಕೋಎಫಿಶಿಯೆಂಟ್' ಯಾವುದು ಎಂದು ನನ್ನನ್ನು ಎಬ್ಬಿಸಿ ಕೇಳಿದರು. ಸಹಗುಣಕ ನನಗೆ ಚೆನ್ನಾಗಿ ಗೊತ್ತಿತ್ತು. ಅದೇ ಇದು ಎಂದು ಗೊತ್ತಿರಲಿಲ್ಲ. ತಲೆ ತಗ್ಗಿಸಿ ನಿಂತೆ. ಅರ್ಥ ಇದ್ದೂ ಪದ ಇಲ್ಲದೆ ಮೂಕಳಾದದ್ದು ನನ್ನ ಕಥೆ. ಪದ ಇದ್ದೂ ಅರ್ಥ ಇಲ್ಲದೆ ಗಿಳಿಯಾದದ್ದು ಈ ಹುಡುಗಿಯ ಕಥೆ. ಮೊದಲನೆಯದು ಅವಮಾನ ಮಾಡುತ್ತದೆ, ಆದರೆ ಬೇಗ ಬಯಲಾಗುತ್ತದೆ. ಎರಡನೆಯದು ಅಂಕ ಕೊಡಿಸುತ್ತದೆ, ಹಾಗಾಗಿ ಬಯಲಾಗುವುದೇ ಇಲ್ಲ.

ಕನ್ನಡದ ಪದಗಳಿಗೆ ಒಂದು ಅನುಕೂಲವಿದೆ. ಬಿಡಿಸಿ ನೋಡಬಹುದು. ಬಹುಪದೋಕ್ತಿಯಲ್ಲಿ ಬಹು, ಪದ, ಉಕ್ತಿ ಮೂರೂ ಕಾಣುತ್ತವೆ. ಶೋಧಕ ಎಂದರೆ ಹುಡುಕಿ ನೋಡುವಂಥದ್ದು. ಬಾವಿ ತೋಡುವ ಮೊದಲೇ ನೀರಿದೆಯೇ ಎಂದು ಪರೀಕ್ಷಿಸುವ ಹಾಗೆ, ಮೂಲಗಳನ್ನು ಕಂಡುಹಿಡಿಯುವ ಮೊದಲೇ ಅವು ಇವೆಯೇ, ಒಂದೇ ಬೆಲೆಯವೇ, ಬೇರೆ ಬೇರೆಯೇ ಎಂದು ಅದು ಹೇಳಿಬಿಡುತ್ತದೆ. ಆದರೆ ಅದೇ ಅನುಕೂಲದಲ್ಲಿ ಅಪಾಯವೂ ಇದೆ. ಅಪರಿಚಿತ ಪದ ತಾನು ಅಪರಿಚಿತ ಎಂದು ಎದುರಿಗೇ ಹೇಳುತ್ತದೆ. ಸಮ, ಭಿನ್ನ, ಮೂಲದಂಥ ಪರಿಚಿತ ಪದಗಳು ಹಾಗೆ ಹೇಳುವುದಿಲ್ಲ. ನೆಂಟರ ವೇಷದಲ್ಲಿ ಒಳಗೆ ಬಂದು ಕೂರುತ್ತವೆ. ಯಾರು ನೀವು ಎಂದು ಕೇಳುವುದು ನಮಗೆ ತೋಚುವುದಿಲ್ಲ.

ಹಾಗಾದರೆ ಬಾಯಿಪಾಠ ಕೆಟ್ಟದ್ದೇ? ನಮ್ಮ ಗಣಿತದ ಚರಿತ್ರೆ ಹಾಗೆ ಹೇಳಲು ಬಿಡುವುದಿಲ್ಲ. ಭಾಸ್ಕರಾಚಾರ್ಯ 1150ರಲ್ಲಿ ಲೀಲಾವತಿಯನ್ನೂ ಬೀಜಗಣಿತವನ್ನೂ ರಚಿಸಿದ್ದು ಪದ್ಯದಲ್ಲಿ. 12ನೇ ಶತಮಾನದ ನಮ್ಮ ರಾಜಾದಿತ್ಯ 'ವ್ಯವಹಾರಗಣಿತ'ದಲ್ಲಿ ಲೆಕ್ಕದ ಸೂತ್ರಗಳನ್ನು ಕನ್ನಡ ಪದ್ಯವಾಗಿಸಿದ. ಪದ್ಯ ನಾಲಗೆಯ ಮೇಲೆ ನಿಲ್ಲುತ್ತದೆ. ಅರ್ಥ ಗುರುವಿನಿಂದಲೋ ವ್ಯಾಖ್ಯಾನದಿಂದಲೋ ಆಮೇಲೆ ಬಂದು ಸೇರಿಕೊಳ್ಳಬಹುದು. ನಾವೆಲ್ಲ ಮಗ್ಗಿ ಕಲಿತದ್ದೂ ಹಾಗೆಯೇ. ಗುಣಾಕಾರ ಎಂದರೇನು ಎಂದು ತಿಳಿಯುವ ಮೊದಲೇ ಎಷ್ಟೋ ಮಕ್ಕಳಿಗೆ ಎಂಟೆಂಟ್ಲ ಅರವತ್ತನಾಲ್ಕು ಬಂದಿರುತ್ತದೆ. ಅರ್ಥಕ್ಕಿಂತ ಮೊದಲು ಪದ ಬರುವುದರಲ್ಲಿ ತಪ್ಪಿಲ್ಲ. ಅದು ಸಾಲದ ಹಾಗೆ. ಸಾಲ ಮಾಡುವುದು ಕಳ್ಳತನವಲ್ಲ. ಸಾಲವಿದೆ ಎಂಬುದನ್ನೇ ಮರೆತಾಗ ತೊಂದರೆ ಶುರುವಾಗುತ್ತದೆ.

ಈ ಮಾತನ್ನು ನನಗೆ ಸ್ಪಷ್ಟ ಮಾಡಿದ್ದೂ ಬೀಜಗಣಿತವೇ. ಪ್ಲೇಟೋನ 'ಮೆನೋ' ಸಂವಾದದಲ್ಲಿ ಒಂದು ಹಳೆಯ ತೊಡಕು ಬರುತ್ತದೆ. ಒಂದು ವಸ್ತು ನಿನಗೆ ಗೊತ್ತಿಲ್ಲದಿದ್ದರೆ ಅದನ್ನು ಹೇಗೆ ಹುಡುಕುತ್ತೀಯ? ಸಿಕ್ಕರೂ ಅದೇ ಇದು ಎಂದು ಹೇಗೆ ಗುರುತಿಸುತ್ತೀಯ? ನಮ್ಮ ಗಣಿತಜ್ಞರು ಈ ತೊಡಕಿನ ಬಗ್ಗೆ ವಾದಕ್ಕಿಳಿಯದೆ ಒಂದು ಕೆಲಸ ಮಾಡಿದರು. ಗೊತ್ತಿಲ್ಲದ್ದಕ್ಕೆ ಹೆಸರಿಟ್ಟರು. ಭಾಸ್ಕರನಲ್ಲಿ ಮೊದಲ ಅಜ್ಞಾತದ ಹೆಸರು 'ಯಾವತ್ತಾವತ್', ಅಂದರೆ ಎಷ್ಟೋ ಅಷ್ಟು. ಇನ್ನೂ ಅಜ್ಞಾತಗಳಿದ್ದರೆ ಕಾಲಕ, ನೀಲಕ, ಪೀತಕ ಎಂದು ಬಣ್ಣಗಳ ಹೆಸರು. ಈ ಗಣಿತಕ್ಕೆ ಅವ್ಯಕ್ತ ಗಣಿತ ಎಂಬ ಹೆಸರೂ ಇದೆ. ಬೆಲೆ ಗೊತ್ತಿಲ್ಲದ ಎಕ್ಸ್‌ನ್ನು ನಾವು ಕೂಡುತ್ತೇವೆ, ಕಳೆಯುತ್ತೇವೆ, ಸಮಚಿಹ್ನೆಯ ಆಚೆ ಈಚೆ ಸಾಗಿಸುತ್ತೇವೆ. ಆದರೆ ಒಂದು ಕ್ಷಣವೂ ಅದರ ಬೆಲೆ ಗೊತ್ತಿದೆ ಎಂದು ನಟಿಸುವುದಿಲ್ಲ. ಗೊತ್ತಿಲ್ಲ ಎಂಬುದನ್ನು ಕೊನೆಯ ಸಾಲಿನ ತನಕ ಪ್ರಾಮಾಣಿಕವಾಗಿ ಹೊತ್ತುಕೊಂಡು ಹೋದಾಗಲೇ ಉತ್ತರ ಸಿಗುವುದು.

ಅರ್ಥವಾಗದ ಪದವನ್ನೂ ಹೀಗೆ ಹೊತ್ತುಕೊಳ್ಳಬಹುದು ಎಂದು ನನಗೆ ತೋರಿತು. ಮೂರನೇ ದಿನ ಅವಳಿಗೆ ಹೇಳಿದೆ: "ಪಟ್ಟಿಯಲ್ಲಿ ಇರೋದೆಲ್ಲ ಬಾಯಿಪಾಠ ಮಾಡು. ನಿಜವಾಗ್ಲೂ ಅರ್ಥ ಆಗದೆ ಇರೋದರ ಪಕ್ಕ ಮಾತ್ರ ಪೆನ್ಸಿಲಿನಲ್ಲಿ ಒಂದು ಎಕ್ಸ್ ಹಾಕು. ಪರೀಕ್ಷೆಯಲ್ಲಿ ಧೈರ್ಯವಾಗಿ ಬರಿ. ಗೊತ್ತಿದೆ ಅಂತ ನಿನಗೆ ನೀನೇ ಹೇಳ್ಕೋಬೇಡ." ಅವಳು ಬಹಳ ಹೊತ್ತು ಯೋಚಿಸಿ 11 ಪದಗಳಿಗೆ ಎಕ್ಸ್ ಹಾಕಿದಳು. ಸಮ, ಭಿನ್ನ ಎರಡಕ್ಕೂ ಹಾಕಲಿಲ್ಲ. ನನಗೆ ಹೆಮ್ಮೆಯೆನಿಸಿತು.

ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಜಿನ ಮೇಲಿದ್ದ ಪ್ರಬಂಧದ ಅಧ್ಯಾಯದ ಮೇಲೆ ಬಿತ್ತು. ಒಂದು ಸಾಲನ್ನು ತಡವರಿಸುತ್ತ ಓದಿದಳು. "ಸಂಕಥನ ಅಂದ್ರೆ ಏನಕ್ಕ?"

ಬಾಯಿ ತೆರೆದೆ. ನಾನು ವಿಚಾರಸಂಕಿರಣಗಳಲ್ಲಿ ನೂರು ಸಲ ಬಳಸಿದ ಪದ ಅದು. ಆ ಅಧ್ಯಾಯದಲ್ಲಿ ಪುಟಕ್ಕೆರಡು ಸಲ ಬರುತ್ತದೆ. ಯಾರ್ಯಾರು ಏನೇನು ವ್ಯಾಖ್ಯಾನ ಕೊಟ್ಟಿದ್ದಾರೆ ಎಂದು ಹೇಳಬಲ್ಲೆ. ಹತ್ತನೇ ತರಗತಿಯ ಹುಡುಗಿಗೆ ನನ್ನ ಮಾತಿನಲ್ಲಿ, ಒಂದು ಉದಾಹರಣೆ ಕೊಟ್ಟು ಹೇಳೋಣವೆಂದರೆ ನಾಲಗೆ ಹೊರಳಲಿಲ್ಲ. ಏನು ಬರೀಬೇಕು ಎಂಬುದು ನನಗೂ ಗೊತ್ತಿತ್ತು. ಅಂದ್ರೆ ಏನು ಎಂಬುದನ್ನು ಆಮೇಲೆ ನೋಡಿದರಾಯಿತು ಎಂದು ನಾನೂ ನಾಲ್ಕು ವರ್ಷದಿಂದ ಮುಂದೂಡಿದ್ದೆ. ಅವಳಿಗಾದರೂ ನಾಲ್ಕು ದಿನದ ಅವಸರವಿತ್ತು.

"ಸರಿಯಾಗಿ ಗೊತ್ತಿಲ್ಲ ಕಣೇ" ಎಂದೆ. ಅವಳು ನಗಲಿಲ್ಲ. ಕೈಯಲ್ಲಿದ್ದ ಪೆನ್ಸಿಲನ್ನು ನನ್ನ ಕಡೆ ಚಾಚಿದಳು.

ಅವಳು ಪಾಸಾದಳು. ಹೆಚ್ಚೇನೂ ಅಂಕ ಬರಲಿಲ್ಲ, ಆದರೆ ಈಗ ಪಿಯುಸಿಗೆ ಹೋಗುತ್ತಿದ್ದಾಳೆ. 11 ಪದಗಳಲ್ಲಿ ನಾಲ್ಕರ ಪಕ್ಕದ ಎಕ್ಸ್ ಅಳಿಸಿದ್ದೇವೆ. ಉಳಿದ ಏಳಕ್ಕೆ ಭಾನುವಾರಗಳಿವೆ. ನನ್ನ ಅಧ್ಯಾಯದಲ್ಲಿ ಪೆನ್ಸಿಲ್ ಗುರುತುಗಳು ಅವಳ ಪಟ್ಟಿಗಿಂತ ಹೆಚ್ಚಿವೆ. ಮೌಖಿಕ ಪರೀಕ್ಷೆಗೆ ಇನ್ನೂ ಸಮಯವಿದೆ.